ತಿರುಗವ್ವ ನಿಂತ ಹೊತ್ತು

ಎರಡು ಸಾವಿರದ ನೂರಾ ಅರವತ್ತೊಂದು, ಆಷಾಢದ ಮೂವತ್ತೆಂಟನೆಯ ದಿನ.

ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸುತ್ತಿರುವ ಹಿರಿಯರೇ,

ತಿಂಗಳಿಗೆ ಮೂವತ್ತೇ ದಿನ ಎಂದು ನೀವು ನಗಬಹುದು. ನಮ್ಮಲ್ಲಿ ಗಾಳಿ ಬೀಳುವ ತನಕ ಆಷಾಢ ಮುಗಿಯಿತು ಅನ್ನುವುದಿಲ್ಲ. ನಮ್ಮ ಮಾತೂ ನಿಮಗೆ ವಿಚಿತ್ರ ಅನ್ನಿಸೀತು, ಮನ್ನಿಸಿ. ನಾನು ಬರೆಯುವವಳಲ್ಲ. ಗುಡಾರದ ಸುತ್ತ ಅಡ್ಡಾಡುತ್ತ ಬಾಯಲ್ಲಿ ಹೇಳುತ್ತೇನೆ, ಕೊರಳಿಗೆ ಕಟ್ಟಿಕೊಂಡ ಮಾತಿನ ಡಬ್ಬಿ ಅದನ್ನು ನಿಮ್ಮ ಕಾಲದ ಅಚ್ಚಿನ ಕನ್ನಡಕ್ಕೆ ತಿದ್ದಿಕೊಡುತ್ತದೆ. ಜನ ಆಡಿದ ಮಾತನ್ನು ಮಾತ್ರ ಇದ್ದ ಹಾಗೇ ಬಿಡು ಎಂದು ಹೇಳಿದ್ದೇನೆ. ಕೂತು ಹೇಳಲು ನನಗೆ ಆಗುವುದಿಲ್ಲ. ಕೂತರೆ ಕಾಲು ಜುಮುಗುಡುತ್ತವೆ.

ನನ್ನ ಹೆಸರು ಫಕೀರವ್ವ. ನಾವು ಬೆನ್ನಟ್ಟುವ ಮಂದಿ. ನಿಮ್ಮ ಕಾಲದಲ್ಲಿ ಕೆಲಸ ಇದ್ದಲ್ಲಿಗೆ ಕರೆಂಟು ಹೋಗುತ್ತಿತ್ತಂತೆ. ಈಗ ಕರೆಂಟು ಉಕ್ಕಿದಲ್ಲಿಗೆ ಕೆಲಸವೇ ಹೋಗುತ್ತದೆ. ಬೇಸಿಗೆಯಲ್ಲಿ ಬಿಸಿಲುಸೀಮೆಯ ಬಯಲಿಗೆ, ಆಷಾಢದಲ್ಲಿ ಈ ಗುಡ್ಡಗಳಿಗೆ. ತಂತಿಗಳು ಹೊತ್ತು ಮಿಕ್ಕಿದ ಕರೆಂಟನ್ನು ತಿನ್ನಲು ಹಿಟ್ಟಿನ ಗಿರಣಿಯವರು, ಐಸಿನವರು, ನಮ್ಮಂಥ ಕುಲುಮೆಯವರು ಸಾಲುಗಟ್ಟಿ ಬರುತ್ತೇವೆ. ಹಳೆಯ ಸೋಲಾರ್ ಪ್ಲೇಟುಗಳ ಗಾಜು ಕರಗಿಸುವುದು ನಮ್ಮ ಕೆಲಸ. ಅದರಿಂದ ಬಳೆ, ಕಿಟಕಿ, ಮತ್ತೆ ಹೊಸ ಪ್ಲೇಟು. ನಿಮ್ಮ ಮನೆಯ ಮೇಲಿದ್ದದ್ದೇ ನನ್ನ ಕೈಬಳೆಯಾಗಿದ್ದರೂ ಆಗಿರಬಹುದು.

ನೀವು ಫ್ಯಾನು ಅನ್ನುತ್ತಿದ್ದ ಗಾಳಿಯಂತ್ರವನ್ನು ನಾವು ತಿರುಗವ್ವ ಅನ್ನುತ್ತೇವೆ. ಊರಿಗೊಬ್ಬಳು ಇದ್ದೇ ಇರುತ್ತಾಳೆ. ಅವಳ ನೆರಳು ಸರಿದ ಹಾಗೆ ಮುದುಕರು ಕಂಬಳಿ ಎಳೆದುಕೊಂಡು ಸರಿಯುತ್ತಾರೆ, ಆಡುಗಳೂ ಸರಿಯುತ್ತವೆ. ಅವಳ ಸದ್ದಿನಲ್ಲೇ ಹುಟ್ಟಿದ ಮಂದಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ರಿಪೇರಿ ಬಿಟ್ಟರೆ, ಊರಲ್ಲಿ ಕೂಸು ತೊಟ್ಟಿಲಿಗೆ ಬಂದಾಗ ಮಾತ್ರ ಅವಳನ್ನು ನಿಲ್ಲಿಸುತ್ತಾರೆ. ಆ ಮೌನದಲ್ಲಿ ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್‍ರ್ ಅಂದು ಹೆಸರು ಹೇಳಬೇಕು, ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಈ ಗುದ್ದು ನಿಮ್ಮ ಕಾಲದಿಂದಲೂ ಇದೆ ಎಂದು ಕೇಳಿದ್ದೇನೆ. ತಿರುಗವ್ವ ಯಾವ ಕೂಸಿಗಾಗಿ ನಿಂತಳೋ ಆ ಕೂಸು ಆ ಊರಿನದು. ಅದೂ ಅದರ ಹೆತ್ತವರೂ ಅಲ್ಲಿಯೇ ಉಳಿಯಬಹುದು. ನಮ್ಮಂಥ ಮಿಕ್ಕವರು ಗಾಳಿ ಬಿದ್ದ ಮರುದಿನ ಗುಡಾರ ಕೀಳಬೇಕು.

ನನ್ನ ಅಣ್ಣ ದುರುಗಪ್ಪನ ಕೂಸು ಈ ಹುಲಿಗೆವ್ವನ ಗುಡ್ಡ ಹತ್ತುವಾಗ, ಗಾಜು ಸಾಗಿಸುವ ಗಾಡಿಯಲ್ಲಿ ಹುಟ್ಟಿತು. ಅತ್ತಿಗೆ ಕಾಳವ್ವ ಬಸಿರಲ್ಲಿ ಮೂರು ಸೀಮೆ ಅಲೆದಿದ್ದಳು, ಊದಿದ ಕಾಲು ಇನ್ನೂ ಇಳಿದಿರಲಿಲ್ಲ. ‘ಫಕೀರಿ, ನನಗ ಒಂದ ಬಾಗಿಲಾ ಸಾಕ. ಮುಂಜಾನಿ ಎದ್ದಾಗ ನಿನ್ನಿ ಇದ್ದಲ್ಲೇ ಇರಬೇಕ ಅದು’ ಅಂದಳು.

ತಿರುಗವ್ವನ ಉಸ್ತುವಾರಿ ಗುರುಸಿದ್ದವ್ವ ಎಂಬ ಮುದುಕಿಯದು. ನಮ್ಮ ಕೂಸಿಗಾಗಿ ಅವಳನ್ನು ನಿಲ್ಲಿಸಿ ಎಂದು ಹೋಗಿ ಕೇಳಿದೆ.

‘ಊರ ತಿರುಗವ್ವ ಊರ ಕೂಸಿಗೆ ನಿಲ್ತಾಳ. ನಿಮ್ಮದು ಗಾಳಿ ಕೂಸ, ಯವ್ವಾ.’

‘ಆಯಿ, ಈ ತಿರುಗವ್ವನ ಬುಡಕ್ಕ ಕಲ್ಲ ಹೊತ್ತಾಕಿ ನಮ್ಮ ಮುತ್ತಜ್ಜಿಯ ಮುತ್ತಜ್ಜಿ. ನಮ್ಮ ಮಂದಿ ಎಲ್ಲಾರೂ ಹೇಳ್ತಾರ.’

‘ಹೌದಾ? ಆಕಿ ಹೆಸರೇನ?’

ಆ ಹೆಸರು ನನಗೆ ಗೊತ್ತಿಲ್ಲ. ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

‘ಕಲ್ಲ ಹೊತ್ತಾಕಿ ಅಂತ ಯಾರ ಬೇಕಾದರೂ ಅಂತಾರ. ಎಲಿ ಹಾಕ್ಕೋ, ಹೋಗು’ ಎಂದು ಮುದುಕಿ ಎಲೆಯಡಿಕೆ ಚೀಲ ಮುಂದೆ ತಳ್ಳಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ವಾರ ಕಳೆದು ಅವಳೇ ಹೇಳಿಕಳಿಸಿದಳು. ತಿರುಗವ್ವನ ತಲೆಯಲ್ಲಿ ಬೋಲ್ಟು ಸಡಿಲಾಗಿ ಕಟಕಟ ಅನ್ನುತ್ತಿತ್ತು. ಊರಿನವರಿಗೆ ಹತ್ತುವ ಅಭ್ಯಾಸ ತಪ್ಪಿದೆ, ಎತ್ತರದ ಕೆಲಸಕ್ಕೆಲ್ಲ ನಮ್ಮನ್ನೇ ಕರೆಯುತ್ತಾರೆ. ಬೋಲ್ಟು ಬಿಗಿಯಲು ಬ್ರೇಕು ಹಾಕಲೇಬೇಕು. ಅಣ್ಣನಿಗೆ ಹೇಳಿದೆ, ನಾನು ನಿಲ್ಲಿಸಿದ ಕೂಡಲೇ ತೊಟ್ಟಿಲು ತಂದು ಬುಡದಲ್ಲಿಡು.

ಒಳಗಿನ ಏಣಿ ಹತ್ತಿ ತಲೆ ಮುಟ್ಟಿ ಬ್ರೇಕು ಹಾಕಿದೆ. ರೆಕ್ಕೆಗಳು ಮುಲುಗುತ್ತ ನಿಂತವು. ಮುಚ್ಚಳ ತೆಗೆದು ಹೊರಗೆ ತಲೆ ಹಾಕಿದರೆ, ಕೆಳಗೆ ತೊಟ್ಟಿಲು ಕಂಡಿತು, ಅತ್ತಿಗೆಯ ಕೆಂಪು ಸೀರೆ ಕಂಡಿತು, ಊರವರೆಲ್ಲ ತಲೆ ಎತ್ತಿ ನೋಡುವುದು ಕಂಡಿತು. ಆಗ ಹೊಳೆಯಿತು. ಸೋದರತ್ತೆ ನಾನೇ. ಕೂಸಿನ ಕಿವಿ ಅಲ್ಲಿ, ನಾನು ಇಲ್ಲಿ. ಎಲ್ಲ ಯೋಚಿಸಿದ್ದೆ, ಇದೊಂದನ್ನು ಬಿಟ್ಟಿದ್ದೆ. ಇಳಿಯಬೇಕೆಂದರೆ ಬ್ರೇಕು ತೆಗೆದೇ ಇಳಿಯಬೇಕು, ಅದು ನಮ್ಮ ಕಸುಬಿನ ಕಟ್ಟಳೆ. ತೆಗೆದರೆ ಅವಳು ತಿರುಗುತ್ತಾಳೆ.

ಕುರ್‍ರ್ ಎಂದು ಕೂಗಿದೆ. ಎದೆಯಲ್ಲಿದ್ದ ಗಾಳಿಯನ್ನೆಲ್ಲ ಹಾಕಿ ಕೂಗಿದೆ. ಅಣ್ಣ ಅತ್ತಿಗೆ ಒಪ್ಪಿದ್ದ ಹೆಸರು ಶಾಂತವ್ವ. ಅಷ್ಟು ಎತ್ತರದಿಂದ ಗುಡ್ಡವನ್ನು ನೋಡುತ್ತ ನನ್ನ ಬಾಯಿಂದ ಬಂದದ್ದು ಬೇರೆ. ಹುಲಿಗೆವ್ವಾ ಎಂದೆ. ಆಚೆ ಗುಡ್ಡದ ಕುರಿಗಾರನೊಬ್ಬ ಓ ಎಂದನಂತೆ.

ಬೋಲ್ಟು ಬಿಗಿದು, ಬ್ರೇಕು ತೆಗೆದು ಇಳಿದು ಬಂದೆ. ಗುರುಸಿದ್ದವ್ವ ಊರುಗೋಲು ಊರಿಕೊಂಡು ಬಂದಳು.

‘ಬೋಲ್ಟ ಬಿಗಿ ಅಂದರ ಊರಿಗೆಲ್ಲ ಡಂಗುರ ಹೊಡದಿಯಲ್ಲ, ಹುಚ್ಚಿ! ನಿಂತದ್ದು ಕೆಲಸಕ್ಕ, ಕೂಸಿಗಲ್ಲ.’

‘ನಿಂತಳೋ ಇಲ್ಲೋ, ಆಯಿ?’

‘ಗುಡ್ಡದ ಹೆಸರ ಇಟ್ಟು ಕುಂತಿ. ಈಗ ಹುಲಿಗೆವ್ವನ್ನ ಹುಲಿಗೆವ್ವನ ಗುಡ್ಡದಿಂದ ಹೊರಗ ಹಾಕಿದರ ಮಂದಿ ನನ್ನ ಮಾರಿಗೆ ಉಗುಳತಾರ.’

ನಾನು ಕೈ ಒರೆಸಿಕೊಳ್ಳಲು ಬಗ್ಗಿದೆ. ಬೆನ್ನ ಮೇಲೆ ಧಪ್ಪೆಂದು ಬಿತ್ತು. ಮುದುಕಿಯ ಮುಷ್ಟಿ. ಮೊದಲು ಸಿಟ್ಟಿನ ಏಟು ಅಂದುಕೊಂಡೆ. ಹಿಂದೆಯೇ ಇನ್ನೊಬ್ಬಳು ಗುದ್ದಿದಳು, ಮತ್ತೊಬ್ಬಳು, ಊರಿನ ಹೆಂಗಸರೆಲ್ಲ ನಗುತ್ತ ಸಾಲಾಗಿ ಬಂದರು. ಕಾಳವ್ವ ತೊಟ್ಟಿಲ ಹಗ್ಗ ಹಿಡಿದು ಅಳುತ್ತಿದ್ದಳು. ನನ್ನ ಬೆನ್ನು ಇನ್ನೂ ನೋಯುತ್ತಿದೆ.

ಅಣ್ಣ, ಅತ್ತಿಗೆ, ಕೂಸು ಇಲ್ಲಿಯೇ ಉಳಿಯುತ್ತಾರೆ. ನಾನು ಹೊರಡುತ್ತೇನೆ. ನಿನ್ನೆಯಿಂದ ಗಾಳಿ ಸಣ್ಣಗಾಗಿದೆ, ಬಿಸಿಲುಸೀಮೆಯಿಂದ ಕರೆ ಬಂದಿದೆ. ಅಣ್ಣ ಇರು ಎಂದ. ನನ್ನ ಕಾಲು ಈಗಾಗಲೇ ದಾರಿಯಲ್ಲಿವೆ.

ಹಿರಿಯರೇ, ನಿಮ್ಮಲ್ಲಿ ಒಂದೇ ಕೇಳುವುದಿದೆ. ಈಗ ನಿಮ್ಮ ಗುಡ್ಡದಲ್ಲಿ ತಿರುಗವ್ವನ ಬುಡಕ್ಕೆ ಗುಂಡಿ ತೋಡುತ್ತಿರುತ್ತೀರಿ. ಬೇರೆ ಸೀಮೆಯಿಂದ ಬಂದ ಹೆಂಗಸೊಬ್ಬಳು ಅಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ನಡೆಯುತ್ತಿರುತ್ತಾಳೆ. ಬುಟ್ಟಿ ಇಳಿಸಿದಾಗ ಅವಳ ಹೆಸರು ಕೇಳಿ. ಕೇಳಿ, ಗಟ್ಟಿಯಾಗಿ ಒಮ್ಮೆ ಕೂಗಿ. ಆ ಹೆಸರು ನಮಗೆ ಇಲ್ಲಿ ಬೇಕಾಗಿದೆ.

ಗಾಡಿ ಕಟ್ಟುತ್ತಿದ್ದಾರೆ. ಬರುತ್ತೇನೆ.

ಹುಲಿಗೆವ್ವನ ಸೋದರತ್ತೆ,
ಫಕೀರವ್ವ