ಅಮ್ಮನ ‘ನಾವು’

ಬೋಡಕ್‌ದೇವ್, ಅಹಮದಾಬಾದ್
ಜುಲೈ ೬, ೨೦೨೫, ಭಾನುವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿ ನೋವು ಹೇಗಿದೆ? ಸಮುದ್ರದ ಗಾಳಿಗೆ ನೋವೆಲ್ಲ ಓಡಿಹೋಯಿತು ಅಂತ ನೀನೇ ಫೋನಿನಲ್ಲಿ ಹೇಳಿದ್ದೆ. ವಡೋದರಾದ ಡಾಕ್ಟರುಗಳಿಗೇ ಬಗ್ಗದ ನೋವು ಬರೀ ಗಾಳಿಗೆ ಹೆದರಿ ಓಡಿತು ಅಂದರೆ ನಾನು ನಂಬಬೇಕು. ಆಯಿತು, ನಂಬಿದೆ. ಬಿ.ಪಿ. ಮಾತ್ರೆ ಬಿಟ್ಟಿಲ್ಲ ತಾನೆ? ನಾನೂ ಕಿಶೋರನೂ ಆರಾಮವಾಗಿದ್ದೇವೆ. ಅತ್ತೆ ಸೂರತ್‌ನಿಂದ ಬಂದಿದ್ದಾರೆ, ದಿನಾ ನಿನ್ನನ್ನು ವಿಚಾರಿಸುತ್ತಾರೆ. ಫೋನು ಇರುವಾಗ ಇವಳೇಕೆ ಕಾಗದ ಬರೆದಳು ಅಂದುಕೊಳ್ಳಬೇಡ. ಫೋನಿನಲ್ಲಿ ಏನಾದರೂ ಕೇಳಿದೆನೋ, ನೀನು ಕ್ಯಾಮೆರಾವನ್ನು ಸಮುದ್ರದ ಕಡೆ ತಿರುಗಿಸಿ ‘ನೋಡೇ, ಎಷ್ಟು ಚೆನ್ನಾಗಿದೆ’ ಅಂದುಬಿಡುತ್ತೀಯ. ಕಾಗದದ ಹತ್ತಿರ ಆ ಆಟ ನಡೆಯುವುದಿಲ್ಲ. ನಮ್ಮ ಬಿಲ್ಡಿಂಗಿನ ಹಂಸಾಬೆನ್ ಇವತ್ತು ಪ್ಯಾಕೇಜ್ ಟೂರಿನಲ್ಲಿ ವಿಯೆಟ್ನಾಂಗೆ, ಅದೂ ನಿಮ್ಮ ಡನಾಂಗ್‌ಗೇ ಹೊರಟಿದ್ದಾರೆ. ಅವರ ಕೈಯಲ್ಲಿ ಈ ಕಾಗದ ಮತ್ತು ಶೇಂಗಾ ಚಟ್ನಿಪುಡಿ. ಪುಣ್ಯಕ್ಕೆ ಅವರಿಗೆ ಕನ್ನಡ ಓದಲು ಬರುವುದಿಲ್ಲ, ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಆ ಊರಿನ ಮೇಲೆ ನನಗೆ ಮೊದಲಿನಿಂದಲೂ ಅನುಮಾನ ಅಮ್ಮಾ. ಬಾಡಿಗೆ ಕಡಿಮೆ, ಹಣ್ಣು ತರಕಾರಿ ಅಗ್ಗ, ರಸ್ತೆ ಚೊಕ್ಕಟ, ಯಾರಿಗೂ ಅವಸರವಿಲ್ಲ, ಜನ ಕಂಡಕೂಡಲೇ ನಗುತ್ತಾರೆ. ಇಷ್ಟೆಲ್ಲ ಒಳ್ಳೆಯದು ಒಂದೇ ಊರಲ್ಲಿ ಹೇಗಿರುತ್ತದೆ? ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ನನಗೆ ಹೇಳಿಕೊಟ್ಟವಳು ನೀನೇ. ಅಪ್ಪನ ಬ್ಯಾಂಕು ಎಲ್ಲಿಗೆ ಹಾಕಿದರೆ ಅಲ್ಲಿಗೆ ನೀನು ಗಂಟುಮೂಟೆ ಕಟ್ಟಿದೆ, ಚಿತ್ರದುರ್ಗದಿಂದ ಸೂರತ್‌ಗೆ, ಸೂರತ್‌ನಿಂದ ವಡೋದರಾಕ್ಕೆ. ಅಪ್ಪ ಹೋದ ಮೇಲೆ ‘ಇದೊಂದು ಟ್ರಾನ್ಸ್‌ಫರ್ ಮಾತ್ರ ನನ್ನದು’ ಅಂತ ಹೇಳಿ ಜನವರಿಯಲ್ಲಿ ವಿಯೆಟ್ನಾಂ ವಿಮಾನ ಹತ್ತಿದೆ. ಆಗ ನಾನೂ ನಕ್ಕಿದ್ದೆ. ವೀಸಾ ಮುಗಿದರೆ ಬರುತ್ತಾಳೆ ಅಂದುಕೊಂಡೆ, ನೀನು ಇನ್ನೊಂದು ಮಾಡಿಸಿದೆ. ವಡೋದರಾದ ಮನೆಯನ್ನೂ ಬಾಡಿಗೆಗೆ ಕೊಟ್ಟುಬಿಟ್ಟೆ. ಈಗ ನೇರವಾಗಿ ಕೇಳುತ್ತೇನೆ. ನೀನು ವಾಪಸ್ಸು ಬರುತ್ತೀಯೋ ಇಲ್ಲವೋ? ಉಳಿದದ್ದೆಲ್ಲ ಬಿಡು, ಈ ಒಂದು ಉತ್ತರ ನನಗೆ ಬೇಗ ಬೇಕು.

ಇನ್ನೂ ಒಂದಿದೆ. ಇತ್ತೀಚೆಗೆ ನಿನ್ನ ಮಾತಿನಲ್ಲಿ ‘ನಾನು’ ಹೋಗಿ ‘ನಾವು’ ಬಂದಿದೆ. ‘ನಾವು ಹರಿಗೋಲಿನಲ್ಲಿ ಕೂತು ಸಮುದ್ರಕ್ಕೆ ಹೋಗಿದ್ವಿ’, ‘ನಾವು ಇನ್ನೊಂದು ಚೂರು ದೊಡ್ಡ ಮನೆ ನೋಡ್ತಿದೀವಿ’. ಯಾರಮ್ಮ ಈ ನಾವು? ನಮ್ಮ ಕನ್ನಡದ ‘ನಾವು’ ಮಹಾ ಕಳ್ಳ ಪದ. ಗುಜರಾತಿಯಲ್ಲಾದರೆ ಹೀಗೆ ತಪ್ಪಿಸಿಕೊಳ್ಳಲು ಬರುವುದಿಲ್ಲ. ಕೇಳುತ್ತಿರುವವರನ್ನೂ ಸೇರಿಸಿಕೊಂಡರೆ ‘ಆಪಣೆ’, ಅವರನ್ನು ಹೊರಗಿಟ್ಟರೆ ‘ಅಮೆ’. ಸೂರತ್‌ನ ಶಾಲೆಗೆ ಸೇರಿದ ಹೊಸದರಲ್ಲಿ, ನಾವೆಲ್ಲ ಸೇರಿ ಆಡೋಣ ಅನ್ನುವುದಕ್ಕೆ ನಾನು ‘ಅಮೆ’ ಅಂದು, ಗೆಳತಿಯರೆಲ್ಲ ಮುಖ ಊದಿಸಿಕೊಂಡು ಎದ್ದುಹೋಗಿದ್ದರು. ಯಾಕೆ ಅಂತ ಗೊತ್ತಾಗದೆ ಮನೆಗೆ ಬಂದು ನಿನ್ನ ಸೆರಗು ಹಿಡಿದು ಅತ್ತಿದ್ದೆ. ಅವರಿಗೆ ಹೇಗನ್ನಿಸಿತ್ತು ಅಂತ ಈಗ ಗೊತ್ತಾಯಿತು. ನಿನ್ನ ನಾವು ‘ಅಮೆ’, ಅದರಲ್ಲಿ ನಾನಿಲ್ಲ. ನನಗೆ ಹೊಟ್ಟೆಕಿಚ್ಚಾಯಿತಮ್ಮಾ, ಅಳುವೂ ಬಂತು.

ಜೊತೆಗೆ ಯಾರಿದ್ದಾರೆ ಅಂತ ಅಷ್ಟೇ ಕೇಳಿದ್ದು ನಾನು. ನೀನು ‘ಗಂಡಸರು ಗಿಂಡಸರು ಯಾರೂ ಇಲ್ಲ ಕಣೆ’ ಅಂದೆ. ಗಂಡಸರ ಮಾತು ಯಾರು ಎತ್ತಿದ್ದರು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಆವತ್ತು ನಿನ್ನ ಹಿಂದೆ ಹಗ್ಗದ ಮೇಲೆ ಒಂದು ದೊಡ್ಡ ಅಂಗಿ ಒಣಗುತ್ತಿತ್ತು. ಪಕ್ಕದ ಮನೆಯಿಂದ ಗಾಳಿಗೆ ಹಾರಿ ಬಂತು ಅಂದೆ. ಹಾರಿ ಬಂದ ಅಂಗಿಗೆ ಕ್ಲಿಪ್ಪು ಯಾರು ಸಿಕ್ಕಿಸಿದರು? ಕಿಶೋರ್ ನಗುತ್ತಾನೆ, ‘ಖುಷಿಯಾಗಿದ್ದಾರೆ, ಅವರ ಪಾಡಿಗೆ ಬಿಡೇ’ ಅನ್ನುತ್ತಾನೆ. ನನಗೆ ಆ ಖುಷಿಯ ಮೇಲೇ ಅನುಮಾನ. ಅಪ್ಪ ಇದ್ದಾಗಲೂ ನೀನು ಇಷ್ಟು ಗಟ್ಟಿಯಾಗಿ ನಕ್ಕಿದ್ದು ನನಗೆ ನೆನಪಿಲ್ಲ. ಯಾರಾದರೂ ಇದ್ದರೆ ಹೇಳಿಬಿಡು. ಎರಡು ದಿನ ಸಿಟ್ಟು ಮಾಡಿಕೊಳ್ಳುತ್ತೇನೆ, ಆಮೇಲೆ ಅವರಿಗೆ ಸಕ್ಕರೆ ಕಾಯಿಲೆ ಇದೆಯಾ, ಗೊರಕೆ ಹೊಡೆಯುತ್ತಾರಾ ಅಂತ ವಿಚಾರಿಸುತ್ತೇನೆ. ತಾಯಿ ಮಗಳ ಮಧ್ಯೆ ಮುಚ್ಚುಮರೆ ಮಾತ್ರ ನನ್ನಿಂದ ಸಹಿಸಲು ಆಗುವುದಿಲ್ಲ.

ಚಟ್ನಿಪುಡಿಯನ್ನು ಫ್ರಿಜ್ಜಿನಲ್ಲಿಡು, ಅಲ್ಲಿಯ ಗಾಳಿಗೆ ಮೆತ್ತಗಾಗುತ್ತದೆ. ಹಂಸಾಬೆನ್ ಎದುರು ಜೋಪಾನವಾಗಿರು, ಕಂಡದ್ದನ್ನೆಲ್ಲ ಬಂದು ನನಗೆ ಒಪ್ಪಿಸುವುದಾಗಿ ಮಾತು ಕೊಟ್ಟಿದ್ದಾರೆ. ನಿನಗೆ ನನ್ನ, ಕಿಶೋರನ ನಮಸ್ಕಾರ. ಆ ಅಂಗಿಯವರು ಇರುವುದೇ ಆದರೆ ಅವರಿಗೂ ಒಂದು.

ನಿನ್ನ
ಗಗನಾ

ಮತ್ತೆ: ಹಂಸಾಬೆನ್ ಬಾಗಿಲಲ್ಲಿ ನಿಂತಿದ್ದಾರೆ, ಕೆಳಗೆ ಟ್ಯಾಕ್ಸಿ ಹಾರನ್ ಹೊಡೆಯುತ್ತಿದೆ. ಅಮ್ಮಾ, ನನಗೀಗ ನಾಲ್ಕು ತಿಂಗಳು. ಹೇಳಿದರೆ ಎಲ್ಲ ಬಿಟ್ಟು ಓಡಿಬಂದುಬಿಡುತ್ತೀಯ ಅಂತ ಹೇಳಲಿಲ್ಲ. ಹೇಳಿದರೂ ಬರದಿದ್ದರೆ ಅಂತ ಇನ್ನೂ ಹೆಚ್ಚು ಹೆದರಿಕೆಯಾಯಿತು. ಮೊದಲ ಹೆರಿಗೆ ತವರಲ್ಲೇ ಆಗಬೇಕು ಅಂತ ಅತ್ತೆ ಹೇಳುತ್ತಾರೆ. ‘ನಿನ್ನ ತವರು ಈಗ ಎಲ್ಲಮ್ಮ?’ ಅಂತ ನಿನ್ನೆ ಕೇಳಿದರು. ತಿಂಗಳು ತುಂಬುತ್ತಾ ಬಂದರೆ ವಿಮಾನ ಹತ್ತಿಸುವುದಿಲ್ಲವಂತೆ. ನೀನು ಬರುತ್ತೀಯೋ, ನಾನೇ ಬರಲೋ?