ತಾಳಿ ಎದ್ದು ನಿಂತ ಗಳಿಗೆ

ಜಕ್ಕೂರು
14-2-1961, ಮಂಗಳವಾರ

ಅಬ್ಬಿಗೆರೆಯಲ್ಲಿ ತಮ್ಮ ತಂಗಿಯ ಮನೆ ಸೇರಿರುವ ನನ್ನ ಯಜಮಾನರಿಗೆ ಅಕ್ಕಯ್ಯಮ್ಮ ಮಾಡುವ ನಮಸ್ಕಾರ. ಇದು ನಮಸ್ಕಾರ ಅಷ್ಟೆ, ತಪ್ಪೊಪ್ಪಿಗೆ ಅಲ್ಲ. ಮೂರನೇ ಕ್ಲಾಸಿಗೆ ಬಿಟ್ಟವಳ ಬರವಣಿಗೆ, ಕೂಡಿಸಿಕೊಂಡು ಓದಿ.

ಕೆಮ್ಮು ಹೇಗಿದೆ? ಮಫ್ಲರು ಗೂಟದಲ್ಲೇ ಬಿಟ್ಟು ಹೋಗಿದ್ದೀರಿ. ದಿನಾ ಅದನ್ನು ಕೊಡವಿ ಮತ್ತೆ ಅಲ್ಲೇ ಹಾಕುತ್ತೇನೆ.

ಲಕ್ಕಣ್ಣನ ಕೈಲಿ ಹೇಳಿ ಕಳಿಸಿದ ಮಾತು ಮುಟ್ಟಿತು. ನಾನು ಪಟಾಲಮ್ಮನ ಗುಡಿಯಲ್ಲಿ ತಪ್ಪಾಯಿತು ಅಂತ ಅಡ್ಡಬಿದ್ದು, ಹೊಸ ದಾರದಲ್ಲಿ ತಾಳಿ ಕಟ್ಟಿಸಿಕೊಳ್ಳುವ ತನಕ ನೀವು ಮನೆಗೆ ಬರುವುದಿಲ್ಲವಂತೆ. ಅಡ್ಡಬೀಳುವುದಿಲ್ಲ ರೀ. ನಾನು ಮಾಡಿದ ತಪ್ಪೇನು?

ನೀವು ಹುಲ್ಲು ಕೊಯ್ಯುವ ಏರೋಡ್ರಮ್ಮಿನ ಸಾಹೇಬರು ಆ ಭಾನುವಾರ ಕೆಲಸದವರನ್ನು ಒಬ್ಬೊಬ್ಬರಾಗಿ ವಿಮಾನದಲ್ಲಿ ಸುತ್ತಿಸಿದರು. ನಿಮ್ಮ ಸರದಿಗೆ ನಾನು ಹತ್ತಿದೆ. ಗುಡಿಯ ಮೇಲೆ ಹಾರುತ್ತೇವಲ್ಲ ಅಂತ ಚಪ್ಪಲಿ ಕೆಳಗೇ ಬಿಟ್ಟೆ. ಕೆರೆ ದಾಟಿದ ಮೇಲೆ ವಿಮಾನ ಎತ್ತರಕ್ಕೆ ಏರಿ ತಟ್ಟನೆ ಮೂತಿ ತಗ್ಗಿಸಿತು. ಮೈ ಸೀಟು ಬಿಟ್ಟು ಎದ್ದಿತು. ಕೈ ನನ್ನದಲ್ಲ, ಕಾಲು ನನ್ನದಲ್ಲ. ತಾಳಿ ತಾನಾಗಿ ಎದ್ದು ಬಂದು ಮೂಗಿನ ಮುಂದೆ ನಿಂತಿತು. ಒಂದು, ಎರಡು ಎಣಿಸುವಷ್ಟು ಹೊತ್ತು.

ಒಲೆ ಆರಿಸಿದೆನಾ, ಬಾವಿಗೆ ಹಲಗೆ ಮುಚ್ಚಿದೆನಾ ಅಂತ ಮೂರು ಮೂರು ಸಲ ಎದ್ದು ನೋಡುವವಳು ನಾನು, ನಿಮಗೇ ಗೊತ್ತು. ಆಗ ಒಲೆಯೂ ಇರಲಿಲ್ಲ, ಬಾವಿಯೂ ಇರಲಿಲ್ಲ. ಹುಟ್ಟಿದಾಗಿನಿಂದ ತಲೆ ಮೇಲಿದ್ದ ಹೊರೆಗೆ ಯಾರೋ ಕೈ ಕೊಟ್ಟು ಇಳಿಸಿದ ಹಾಗಾಯಿತು. ಜೋರಾಗಿ ನಕ್ಕುಬಿಟ್ಟೆ.

ಇದನ್ನೇ ಬಾವಿಕಟ್ಟೆಯಲ್ಲಿ ಹೇಳಿದ್ದು. ಪಕ್ಕದ ಮನೆ ಸೊಣ್ಣಮ್ಮ ಬಿಂದಿಗೆ ಕುಕ್ಕಿ, “ತಾಳಿ ಎದ್ ನಿಂತ್ಕಂತಾ? ಅಯ್ಯೋ, ನಿನ್ ಗಂಡನ್ಗೆ ಏನ್ ಕಾದೈತೋ! ಇಂಗೆ ನಗ್ತೀಯಲ್ಲಮ್ಮೀ!” ಅಂದಳು. “ಎದ್ದಿದ್ದು ಮತ್ತೆ ಬಂದು ಕೂತ್ಕಂತಲ್ಲ. ನಿನ್ ಗಂಡ ಸಂತೆಗೋದ್ರೆ ಅಷ್ಟು ಬೇಗ ಬತ್ತಾನಾ?” ಅಂದೆ. ಎಲ್ಲರೂ ನಕ್ಕರು. ನೀವು ಮಾತ್ರ ಅದು ಕಿವಿಗೆ ಬಿದ್ದದ್ದೇ ಅಪಶಕುನ ಅಂತ ಬಟ್ಟೆ ಗಂಟು ಕಟ್ಟಿದಿರಿ.

ನಾನು ವಿಮಾನ ಹತ್ತಿ ಒಂಬತ್ತು ದಿನ ಆಯಿತು. ನಿಮಗೇನೂ ಆಗಿಲ್ಲ ತಾನೆ? ಆಗಿದ್ದರೆ ದಯವಿಟ್ಟು ಬೇಗ ತಿಳಿಸಿ. ಆಗಿಲ್ಲದಿದ್ದರೆ ನನ್ನ ಮಾತೇ ಸರಿ. ಮಫ್ಲರು ಈ ಕಾಗದದ ಜೊತೆ ಕಳಿಸಿದ್ದೇನೆ. ದಾರ ಬದಲಾಯಿಸುವುದಿಲ್ಲ. ಆ ಗಂಟು ನೀವೇ ಹಾಕಿದ್ದು, ಗಟ್ಟಿಯಾಗಿದೆ.

ಇಂತಿ,
ಹಳೇ ದಾರದ ನಿಮ್ಮ
ಅಕ್ಕಯ್ಯಮ್ಮ

ತಾ.ಕ.: ನಿಮ್ಮ ಸರದಿಯನ್ನು ನೀವೇ ಖುಷಿಯಿಂದ ನನಗೆ ಬಿಟ್ಟುಕೊಟ್ಟಿರಿ ಅಂತಲೇ ಊರಿಗೆಲ್ಲ ಹೇಳಿದ್ದೇನೆ. ನೀವು ಹತ್ತಿ ಕೂತು, ಗಡಗಡ ನಡುಗಿ, “ನೀನೇ ಓಗಮ್ಮೀ, ನನ್ಗಾಗಕಿಲ್ಲ” ಅಂತ ಇಳಿದುಬಿಟ್ಟದ್ದು ಸಾಹೇಬರಿಗೂ ನನಗೂ ಮಾತ್ರ ಗೊತ್ತು. ಶನಿವಾರದೊಳಗೆ ಬಂದರೆ ಅದು ಹಾಗೇ ಇರುತ್ತದೆ. ಬಾವಿಕಟ್ಟೆಗೆ ನಾನು ದಿನಾ ಹೋಗುತ್ತೇನೆ.