ಗಾಳಿಮರದ ಬುಡಕ್ಕೆ ತಾರ್ಲೆ ಚೆಲ್ಲಿದ ದಾದಾನಿಗೆ

ದಾದಾ,

ಬಂಗಡೆ ಸಾರು ಗ್ಯಾಸಿನ ಮೇಲೆ ಅದೆ, ಬಿಸಿ ಮಾಡ್ಕೋ. ನಿನ್ನ ಜೊತೆ ಕೂತು ಉಣ್ಣೋ ಮನಸ್ಸಿಲ್ಲ. ಅದಕ್ಕೇ ನೀನು ದೋಣಿಯಿಂದ ಬರೋದ್ರೊಳಗೆ ಹೊರಟೆ.

ನಿನ್ನೆ ಗೂಡಿರೋ ಗಾಳಿಮರದ ಬುಡಕ್ಕೆ ತಾರ್ಲೆ ಮೀನು ಚೆಲ್ಲಿದ್ದು ನೀನೇ ಅಂತ ಗಂಗೂ ಮಾವಶಿ ಹೇಳಿದಳು. ಮೊಟ್ಟೆ ಮೇಲೆ ಕೂತ ಕಡಲಹದ್ದಿಗೆ ಹಸಿವಾಗ್ತದೆ ಅಂತ ಕನಿಕರವಂತೆ! ಅದಕ್ಕೆ ಗಂಡು ಹದ್ದೇ ಮೀನು ತಂದು ಕೊಡ್ತದೆ, ನೀನು ಆ ಕಡೆ ಸುಳೀಬೇಡ ಅಂತ ಎಷ್ಟು ಬಡ್ಕೊಂಡೆ? ನಿನ್ನ ಮೀನಿಗೆ ಬಂದದ್ದು ಕಾಗೆ ಹಿಂಡು. ಅವನ್ನು ಓಡಿಸಲಿಕ್ಕೆ ಹದ್ದು ಎದ್ದದ್ದೇ ತಡ, ಎರಡೂ ಮೊಟ್ಟೆ ಕಾಗೆ ಪಾಲಾದವು. ಗೂಡು ಕಾಯೋ ನಾವೆಲ್ಲ ಕೆಳಗೆ ನಿಂತು ಬೊಬ್ಬೆ ಹೊಡೆದದ್ದಷ್ಟೇ ಬಂತು.

ಅಂಗಳದಲ್ಲಿ ಮೀನು ಒಣಗಿಸುವಾಗ ಕಾಗೆ ಮುಟ್ಟದ ಹಾಗೆ ಮೇಲೆ ಹಳೇ ಬಲೆ ಹೊದಿಸಲಿಕ್ಕೆ ನನಗೆ ಕಲಿಸಿದ್ದು ನೀನೇ ಅಲ್ವಾ? ಆ ಬುದ್ಧಿ ನಮ್ಮ ಮೀನಿಗೆ ಮಾತ್ರವಾ?

ಆ ಗೂಡಿರೋ ಬಿಣಗಾಕ್ಕೇ ಹೋಗ್ತಿದ್ದೇನೆ. ಹುಡುಕಿಕೊಂಡು ಬರಬೇಡ, ಮಿಸ್ ಕಾಲೂ ಬೇಡ. ಹದ್ದು ಇನ್ನೂ ಖಾಲಿ ಗೂಡಿನ ಮೇಲೇ ಕೂತದೆ. ಅದು ಎದ್ದು ಹೋಗೋ ತನಕ ನಾನೂ ಅಲ್ಲೇ ಇರ್ತೇನೆ.

ಉಂಡಾದ ಮೇಲೆ ಪಾತ್ರೆ ಮುಚ್ಚಿಡು. ಕಿಟಕಿಯಲ್ಲಿ ಕಾಗೆ ಕೂತದೆ.

ನಿನ್ನ ತಂಗಿ, ಚಂದನಾ